ಮನೋವೈದ್ಯದ ಗುರುಪರಂಪರೆ

ವೈದ್ಯವಿದ್ಯೆಯ ಪದವಿಯನ್ನು ಪಡೆದ ತರುಣನು ಆ ದಿನವೇ ಪೂರ್ಣ ವೈದ್ಯನಾಗುವುದಿಲ್ಲ. ಗ್ರಂಥದಲ್ಲಿ ಓದಿದ ವ್ಯಾಧಿಗೂ ಎದುರಿಗೆ ಕುಳಿತ ರೋಗಿಗೂ ಬಹಳ ಅಂತರವುಂಟು. ಅದನ್ನು ದಾಟಲು ಒಬ್ಬ ಹಿರಿಯನ ಆಸರೆ ಬೇಕು. ಶಸ್ತ್ರಚಿಕಿತ್ಸೆಯಂಥ ದೊಡ್ಡ ಶಾಖೆಗಳಲ್ಲಿ ಹಿರಿಯರು ಹಲವರು. ಆದರೆ ನುರಿತವರು ವಿರಳವಾಗಿರುವ ಚಿಕ್ಕ ಶಾಖೆಗಳಲ್ಲಿ ಕಿರಿಯನು ಯಾರನ್ನು ಆಶ್ರಯಿಸಬೇಕು? ಈ ಪ್ರಶ್ನೆಗೆ ಕನ್ನಡನಾಡು ಕಂಡುಕೊಂಡ ಉತ್ತರವನ್ನು ಮನೋವೈದ್ಯದ ಚರಿತ್ರೆಯಿಂದ ವಾಚಕರ ಮುಂದಿಡಲು ಬಯಸುತ್ತೇವೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದಲೂ ಬೆಂಗಳೂರಿನಲ್ಲಿ ಒಂದು ಹುಚ್ಚಾಸ್ಪತ್ರೆಯಿತ್ತು. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಗೌರವದ ಹೆಸರು ಬಂದಿತು. ಆದರೆ ಹೆಸರು ಬದಲಾದ ಮಾತ್ರಕ್ಕೆ ವೈದ್ಯರು ಸಿದ್ಧರಾಗುವರೆ? ಆ ಕಾಲದಲ್ಲಿ ಈ ವಿದ್ಯೆಯನ್ನು ಕಲಿಯಬಯಸುವವರು ಹೆಚ್ಚಾಗಿ ಸಮುದ್ರವನ್ನೇ ದಾಟಬೇಕಾಗಿತ್ತು. ಮೈಸೂರು ಸಂಸ್ಥಾನದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಲಂಡನ್ನಿನ ಮಾಡ್‌ಸ್ಲೆ ಆಸ್ಪತ್ರೆಯಲ್ಲಿಯೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಡಾಲ್ಫ್ ಮೇಯರರ ಬಳಿಯಲ್ಲಿಯೂ ಶಿಕ್ಷಣ ಪಡೆದರು. ರೋಗದ ಲಕ್ಷಣಗಳನ್ನಷ್ಟೇ ಅಲ್ಲದೆ ರೋಗಿಯ ಇಡೀ ಬದುಕಿನ ವೃತ್ತಾಂತವನ್ನು ಕೇಳಿ ತಿಳಿಯಬೇಕೆಂಬುದು ಮೇಯರರ ಕ್ರಮ. ಹಿಂತಿರುಗಿದ ಗೋವಿಂದಸ್ವಾಮಿಯವರು ಬೆಂಗಳೂರಿನ ಆಸ್ಪತ್ರೆಯ ಹೊಣೆಯನ್ನು ಹೊತ್ತರು.

ಭೋರ್ ಸಮಿತಿಯು 1946ರಲ್ಲಿ ದೇಶದ ಈ ಕೊರತೆಯನ್ನು ಸರ್ಕಾರದ ಗಮನಕ್ಕೆ ತಂದಿತು. ಅದರ ಫಲವಾಗಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಸ್ನಾತಕೋತ್ತರ ಶಿಕ್ಷಣವು ಆರಂಭವಾಯಿತು. ಒಬ್ಬರು ಹೊರದೇಶದಲ್ಲಿ ಕಲಿತು ತಂದುದು ಇಲ್ಲಿಯೇ ಹಲವರಿಗೆ ದೊರೆಯುವಂತಾಯಿತು. 1974ರಲ್ಲಿ ಈ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಒಂದುಗೂಡಿ ನಿಮ್ಹಾನ್ಸ್ ಎಂಬ ಹೆಸರನ್ನು ತಳೆದುವು.

ಆದರೂ ತಜ್ಞರು ನಗರದಲ್ಲಿ, ರೋಗಿಗಳು ಹಳ್ಳಿಯಲ್ಲಿ ಎಂಬ ಕೊರತೆ ನೀಗಲಿಲ್ಲ. ಆದುದರಿಂದ 1970ರ ದಶಕದಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೇ ಮನೋವೈದ್ಯವನ್ನು ಕಲಿಸುವ ಪ್ರಯೋಗ ನಡೆಯಿತು. 1985ರಲ್ಲಿ ಅದನ್ನು ಬಳ್ಳಾರಿ ಜಿಲ್ಲೆಗೆಲ್ಲ ವಿಸ್ತರಿಸಲಾಯಿತು. ಕೆಲವೇ ಅವಶ್ಯಕ ಔಷಧಗಳು, ಸರಳವಾದ ದಾಖಲೆ, ತಿಂಗಳಿಗೊಂದು ವರದಿ, ಜಿಲ್ಲಾ ತಂಡದ ಮರುಸಲಹೆ ಇವೇ ಅದರ ಅಂಗಗಳು. ಇವುಗಳಲ್ಲಿ ಕೊನೆಯದೇ ಅಮೂಲ್ಯವೆಂದು ನಮ್ಮ ಅಭಿಪ್ರಾಯ. ತರಬೇತಿ ಮುಗಿದೊಡನೆ ಗುರುವು ಕೈಬಿಡಲಿಲ್ಲ. ಶಿಷ್ಯನ ಸಂದೇಹಗಳಿಗೆ ತಿಂಗಳು ತಿಂಗಳೂ ಕಿವಿಗೊಟ್ಟನು. 1996ರಲ್ಲಿ ಮೊದಲಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು.

ಬಳ್ಳಾರಿಯ ಹೆಸರು ಗಡಿಯ ಕನ್ನಡಿಗರಾದ ನಮಗೆ ಬೇರೊಂದು ನೆನಪನ್ನೂ ತರುತ್ತದೆ. ರಾಯದುರ್ಗವು 1953ರ ಅಕ್ಟೋಬರ್ 1ರವರೆಗೆ ಆ ಜಿಲ್ಲೆಯದೇ ಆಗಿತ್ತು. ಬಳ್ಳಾರಿಯ ವೈದ್ಯರಿಗೆ ಗುರುಗಳು ದೊರೆತಾಗ ರಾಯದುರ್ಗವು ಆ ಎಲ್ಲೆಯಿಂದ ಹೊರಗಾಗಿ 32 ವರ್ಷಗಳು ಸಂದಿದ್ದುವು. ಮಡಕಶಿರ, ಅಗಳಿಗಳೂ 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದುವು. ಎಲ್ಲೆಗಳು ಹೀಗೆ ಬದಲಾಗುತ್ತವೆ; ಮನೆಯ ಮಾತು ಬದಲಾಗದು. ಮನೋವೈದ್ಯಕ್ಕೆ ಈ ಮಾತೇ ಜೀವಾಳ. ಮುರಿದ ಮೂಳೆಯನ್ನು ಚಿತ್ರ ತೆಗೆದು ಕಾಣಬಹುದು. ಕುಂದಿದ ಮನಸ್ಸನ್ನು ಮಾತಿನಿಂದಲೇ ಅರಿಯಬೇಕು. “ಎದೆ ಭಾರವಾಗಿದೆ, ಯಾವುದರಲ್ಲಿಯೂ ಮನಸ್ಸಿಲ್ಲ” ಎಂದು ಅಗಳಿಯ ತಾಯಿಯೊಬ್ಬಳು ಹೇಳಿದರೆ ಅದು ಹೃದ್ರೋಗವೋ ಮನದ ಬೇನೆಯೋ ಎಂದು ಬಿಡಿಸಿ ತಿಳಿಯಲು ಕನ್ನಡ ಬಲ್ಲ ವೈದ್ಯನೂ, ಅವನಿಗೆ ದಾರಿ ತೋರುವ ಹಿರಿಯನೂ ಬೇಕು.

ಈಗ ದೂರವು ಮೊದಲಿನ ಅಡ್ಡಿಯಲ್ಲ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ ಅರೋರಾ ಅವರು ಯಕೃತ್ತಿನ ವ್ಯಾಧಿಯ ಚಿಕಿತ್ಸೆಗಾಗಿ ಎಕೋ ಎಂಬ ಕ್ರಮವನ್ನು ಆರಂಭಿಸಿದರು. ಹಳ್ಳಿಯ ವೈದ್ಯನು ದೃಶ್ಯವಾಹಿನಿಯ ಮೂಲಕ ತನ್ನ ರೋಗಿಯ ಸ್ಥಿತಿಯನ್ನು ವಿವರಿಸುವನು; ದೂರದ ತಜ್ಞರು ಅದನ್ನು ಚರ್ಚಿಸಿ ಮಾರ್ಗದರ್ಶನ ಮಾಡುವರು. ನಿಮ್ಹಾನ್ಸ್ ಸಹ ಈ ಕ್ರಮವನ್ನು ಕೈಗೊಂಡಿತು. ಇದಕ್ಕೆ ಗಡಿಕಲ್ಲುಗಳ ಅಡ್ಡಿಯಿಲ್ಲ.

ನಮ್ಮ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ಮಕ್ಕಳು ನಾಳೆ ವೈದ್ಯರಾಗಬಲ್ಲರು. ಅವರು ಜನರಿಲ್ಲದ ಇಂಥ ಶಾಖೆಗಳನ್ನು ಆರಿಸಿಕೊಳ್ಳಲು ತಾಯಿತಂದೆಯರು ಧೈರ್ಯ ತುಂಬಲಿ. ಈಗಾಗಲೇ ನೆಲೆನಿಂತ ಹಿರಿಯ ವೈದ್ಯರು ಒಬ್ಬೊಬ್ಬ ಕಿರಿಯನ ಹೊಣೆಯನ್ನಾದರೂ ಹೊರಲಿ. ಒಬ್ಬ ಗೋವಿಂದಸ್ವಾಮಿಯವರು ಕಲಿತು ಬಂದುದರಿಂದ ನಾಡಿಗೆ ಎಷ್ಟು ದೊರೆಯಿತೆಂಬುದನ್ನು ಕಂಡಿದ್ದೇವೆ. ಆ ಪರಂಪರೆಯ ಒಂದು ಕೊಂಡಿಯು ನಮ್ಮ ಗಡಿಯ ಹಳ್ಳಿಗಳಲ್ಲಿಯೂ ಬೆಸೆದುಕೊಳ್ಳಲೆಂದು ಹಾರೈಸುತ್ತೇವೆ.