1443ರ ಪ್ಲಾನ್: ಮಹಾನವಮಿ ನೋಡ್ಕೊಂಡು ಕಡಲಿಗೆ

ದಸರಾ ರಜೆ ಹತ್ತಿರ ಬಂತು ಅಂದ್ರೆ ಬೆಂಗಳೂರಿನ ಆಫೀಸುಗಳಲ್ಲಿ ಒಂದೇ ಚರ್ಚೆ. ಹಳೇ ಊರು ನೋಡೋಣ ಅನ್ನೋರು ಒಂದು ಪಾರ್ಟಿ, ಬೀಚಿಗೆ ಹೋಗೋಣ ಅನ್ನೋರು ಇನ್ನೊಂದು ಪಾರ್ಟಿ. ಎರಡೂ ಪಾರ್ಟಿಯವರು ಒಪ್ಪೋ ವಿಷಯ ಒಂದೇ: ಕಾರಿಲ್ಲದೆ ಎರಡನ್ನೂ ಸೇರಿಸಿ ನೋಡೋಕೆ ಆಗಲ್ಲ. ನನ್ನ ಹತ್ರ ಕಾರಿಲ್ಲ. ಹಾಗಾಗಿ ಈ ಮಾತು ಎಷ್ಟರ ಮಟ್ಟಿಗೆ ನಿಜ ಅಂತ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಅನ್ನಿಸ್ತು. ಸ್ವಲ್ಪ ಅಂದ್ರೆ ಐನೂರ ಎಂಬತ್ತು ವರ್ಷ ಚಿಲ್ಲರೆ :-)

1443ರಲ್ಲಿ ಒಬ್ಬ ಮನುಷ್ಯ ಇದೇ ಟ್ರಿಪ್ಪನ್ನ ಮಾಡಿ ಮುಗಿಸಿದ್ದಾನೆ. ಹೆಸರು ಅಬ್ದುರ್ ರಜಾಕ್. ಊರು ಹೆರಾತ್, ಈಗಿನ ಅಫ್ಘಾನಿಸ್ತಾನದಲ್ಲಿದೆ. ತೈಮೂರನ ಮಗ ಶಾರುಖ್‌ನ (ಸಿನಿಮಾದವನಲ್ಲ!) ರಾಯಭಾರಿಯಾಗಿ ಹೊರಟವನು. ಹಾರ್ಮುಜ್‌ಗೆ ಬಂದ, ಹಡಗು ಹೊರಡೋ ಕಾಲ ತಪ್ಪಿಹೋಗಿ ಮಸ್ಕತ್ತಿನ ಕಡೆ ಸುಡುಬಿಸಿಲಲ್ಲಿ ಕೊಳೆತ, ಆಮೇಲೆ ಕಲ್ಹಾತ್ ಅನ್ನೋ ಬಂದರಿನಿಂದ 18 ದಿನ ಸಮುದ್ರದ ಮೇಲಿದ್ದು ಕಲ್ಲಿಕೋಟೆ ತಲುಪಿದ. ಅಲ್ಲಿರೋವಾಗ ವಿಜಯನಗರದಿಂದ ಎರಡನೇ ದೇವರಾಯನ ಕರೆ ಬಂತು. ಹಡಗಲ್ಲಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1443ರ ಏಪ್ರಿಲ್ ಕೊನೆಯ ಹೊತ್ತಿಗೆ ವಿಜಯನಗರ ಸೇರಿದ. ಆಗ ಅವನ ವಯಸ್ಸು 29. ನಮ್ಮ ವಯಸ್ಸಿನವನೇ, ಆನ್‌ಸೈಟ್ ಬಂದವನು ಅಂದ್ಕೊಳ್ಳಿ!

ವಿಜಯನಗರದ ಏಳು ಸುತ್ತಿನ ಕೋಟೆ, ಬಜಾರು, ಆನೆಗಳು, ಮಹಾನವಮಿಯ ವೈಭವ ಇದನ್ನೆಲ್ಲ ಅವನು ಬರೆದಿಟ್ಟಿದ್ದಾನೆ, ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಓದಿದೀವಿ. ಪುಸ್ತಕಗಳು ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡ್ತವೆ. ಆಮೇಲೇನಾಯ್ತು? ಇವನು ನಿಜವಾದ ರಾಯಭಾರಿಯೇ ಅಲ್ಲ ಅಂತ ಹಾರ್ಮುಜ್ ಕಡೆಯ ವ್ಯಾಪಾರಿಗಳು ಗುಲ್ಲೆಬ್ಬಿಸಿದರು. ಆಸ್ಥಾನದಿಂದ ಬರ್ತಿದ್ದ ದಿನವಹಿ ಖರ್ಚಿಗೂ ಕತ್ತರಿ ಬಿತ್ತು. ಕೊನೆಗೆ ದೇವರಾಯ ಅವನನ್ನ ಮರ್ಯಾದೆಯಿಂದಲೇ ಬೀಳ್ಕೊಟ್ಟ. ಹಿಜರಿ 847ರ ಶಾಬಾನ್ 12ಕ್ಕೆ, ಅಂದರೆ 1443ರ ಡಿಸೆಂಬರ್ ಮೊದಲ ವಾರ, ವಿಜಯನಗರ ಬಿಟ್ಟ. 18 ದಿನ ಪ್ರಯಾಣ ಮಾಡಿ ರಂಜಾನ್ ತಿಂಗಳ ಮೊದಲ ದಿನ ಸಮುದ್ರ ಕಂಡ. ಅವನು ಬಂದು ಸೇರಿದ ಬಂದರಿನ ಹೆಸರು 'ಬಾಕನೂರ್'.

ಅದು ನಮ್ಮ ಬಾರಕೂರು. ಉಡುಪಿಯಿಂದ ಉತ್ತರಕ್ಕೆ ಸುಮಾರು 16 ಕಿ.ಮೀ., ಸೀತಾನದಿಯ ದಡದಲ್ಲಿದೆ.

ವಿಜಯನಗರದಿಂದ ಬಾರಕೂರಿಗೆ ಈಗಿನ ರಸ್ತೆ ಲೆಕ್ಕದಲ್ಲಿ ಸುಮಾರು 350 ಕಿ.ಮೀ. ಹದಿನೆಂಟರಿಂದ ಭಾಗಿಸಿ, ದಿನಕ್ಕೆ 20 ಕಿ.ಮೀ. ಆಸುಪಾಸು ಬರುತ್ತೆ. ಪಶ್ಚಿಮ ಘಟ್ಟ ಇಳಿದೂ ಈ ವೇಗ! ಬಾರಕೂರಿನಲ್ಲಿ ರಂಜಾನ್ ಉಪವಾಸ ಮುಗಿಸಿ, ಹಬ್ಬ ಮಾಡಿ, ಹೊನ್ನಾವರಕ್ಕೆ ಹೋಗಿ ಹಡಗು ಹಿಡಿದ. 20 ಜನಕ್ಕೆ 40 ದಿನಕ್ಕೆ ಆಗೋವಷ್ಟು ದಿನಸಿ ತುಂಬಿಸಿಕೊಂಡು 1444ರ ಜನವರಿ ಕೊನೆಯಲ್ಲಿ ಹೊರಟ. ಹಳೇ ಊರು, ದಸರಾ, ಘಟ್ಟ, ಕಡಲು... ಎಲ್ಲಾ ಒಂದೇ ಟ್ರಿಪ್ಪಲ್ಲಿ. ಕಾರಿರಲಿಲ್ಲ.

ಬಾರಕೂರೇ ಯಾಕೆ?

ಇದು ಬರೀ ಕಾಕತಾಳೀಯ ಅಲ್ಲ. ಕರಾವಳಿಯ ಮ್ಯಾಪ್ ತೆರೆದು ನೋಡಿ. ಬಾರಕೂರು ಸೀತಾನದಿಯ ಮೇಲೆ, ಬಸ್ರೂರು ಕುಂದಾಪುರದ ಹಿನ್ನೀರಿನ ಮೇಲೆ, ಗೇರುಸೊಪ್ಪೆ ಶರಾವತಿಯ ಮೇಲೆ, ಮಿರ್ಜಾನ್ ಅಘನಾಶಿನಿಯ ಪಕ್ಕ. ನಮ್ಮ ಕರಾವಳಿಯ ಹಳೇ ಪಟ್ಟಣಗಳು ಬಹುತೇಕ ಸಮುದ್ರದ ದಂಡೆ ಮೇಲಿಲ್ಲ, ನದಿ ಹಿಡಿದು ಸ್ವಲ್ಪ ಒಳಗಿವೆ. ಮಳೆಗಾಲದ ಕಡಲು ಎದುರಿಗಿರೋ ದಂಡೆಯ ಮೇಲೆ ಯಾರು ಗೋದಾಮು ಕಟ್ಟಿಯಾರು? ಒಳಗಿದ್ದರೆ ಬಿರುಗಾಳಿಯಿಂದಲೂ ರಕ್ಷಣೆ, ಕಡಲ್ಗಳ್ಳರಿಂದಲೂ ರಕ್ಷಣೆ. ಘಟ್ಟದಿಂದ ಹೇರೆತ್ತುಗಳ ಮೇಲೆ ಬರೋ ಮೆಣಸು ಅಲ್ಲಿಗೆ ಇಳಿಯುತ್ತೆ, ಹಡಗಿನ ಸರಕು ಸಣ್ಣ ದೋಣಿಗಳಲ್ಲಿ ಅಲ್ಲಿಗೆ ಏರುತ್ತೆ. ಅಂದರೆ ಊರು ಒಂದು ಕಡೆ, ಬೀಚು ಇನ್ನೊಂದು ಕಡೆ ಅನ್ನೋ ಲೆಕ್ಕವೇ ಆಗ ಇರಲಿಲ್ಲ. ಬೀಚು ಊರಿನ ಹೆಬ್ಬಾಗಿಲು.

ಹಾಗೇ ಆ ಬಾಗಿಲು ತೆರೀತಿದ್ದ ಕಾಲವೂ ಇದೇ. ಜೂನ್‌ನಿಂದ ಆಗಸ್ಟ್‌ವರೆಗೆ ಕಡಲು ಮುಚ್ಚಿದ ಹಾಗೆ. ಮಳೆ ಕಮ್ಮಿಯಾಗಿ ಶರದೃತು ಶುರುವಾದಾಗ ಅರಬ್ಬೀ ಕಡೆಯ ಹಡಗುಗಳು ಕುದುರೆ ಹೊತ್ತು ಬರೋಕೆ ಶುರು. ನಾವು ದಸರಾಕ್ಕೆ ಬೀಚು ಅಂತ ಹೊರಡೋದೂ ಅದೇ ಗಾಳಿಯ ಲೆಕ್ಕಾಚಾರದ ಮೇಲೇ, ನಮಗೆ ಗೊತ್ತಿರಲ್ಲ ಅಷ್ಟೇ.

ಬಾರಕೂರು ಆಳುಪರ ರಾಜಧಾನಿಯಾಗಿತ್ತು. ಜೋಡಿ ಮೀನಿನ ಗುರುತಿರೋ ಆಳುಪರ ನಾಣ್ಯಗಳನ್ನ ನೀವು ಮ್ಯೂಸಿಯಮ್ಮುಗಳಲ್ಲಿ ನೋಡಿರಬಹುದು. ಹೊಯ್ಸಳ ಮೂರನೇ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಆಳುಪರ ಮನೆಯವಳು, ಬಾರಕೂರಿನಿಂದ ಆಳಿದವಳು. ವಿಜಯನಗರದವರು ತುಳುನಾಡನ್ನ ಎರಡು ಭಾಗ ಮಾಡಿ ಮಂಗಳೂರು ರಾಜ್ಯ, ಬಾರಕೂರು ರಾಜ್ಯ ಅಂತ ಕರೆದರು. ಎರಡಕ್ಕೂ ಬೇರೆ ಬೇರೆ ಅಧಿಕಾರಿಗಳು. 'ಬಾರಕೂರು ಗದ್ಯಾಣ' ಅನ್ನೋ ನಾಣ್ಯದ ಹೆಸರು ಶಾಸನಗಳಲ್ಲಿ ಬರುತ್ತೆ. ಒಂದು ಊರಿನ ಹೆಸರಲ್ಲಿ ದುಡ್ಡು ಓಡಾಡ್ತಿತ್ತು ಅಂದ್ರೆ ಆ ಊರಿನ ಗತ್ತು ಎಷ್ಟಿರಬೇಕು ಯೋಚನೆ ಮಾಡಿ.

ಇಬ್ನ್ ಬತೂತಾ ಕಂಡ ರಸ್ತೆ

ರಜಾಕ್‌ಗಿಂತ ನೂರು ವರ್ಷ ಮೊದಲು, 1342ರ ಸುಮಾರಿಗೆ, ಇನ್ನೊಬ್ಬ ಮಹಾ ತಿರುಗಾಡಿ ಬಾರಕೂರಿಗೆ ಬಂದಿದ್ದ. ಮೊರಾಕ್ಕೋದ ಇಬ್ನ್ ಬತೂತಾ. ಮಹಮದ್ ಬಿನ್ ತುಘಲಕ್ ಅವನನ್ನ ಚೀನಾಕ್ಕೆ ರಾಯಭಾರಿ ಮಾಡಿ ಕಳಿಸಿದ್ದ. ಅವನ ಬರಹದಲ್ಲಿ ಈ ಊರು 'ಫಾಕನೂರ್'. ಕಬ್ಬು ಚೆನ್ನಾಗಿ ಬೆಳೀತಾರೆ, ದೊರೆಗೆ ಮೂವತ್ತರಷ್ಟು ಯುದ್ಧದ ಹಡಗುಗಳಿವೆ, ನೌಕಾಪಡೆಯ ಮುಖ್ಯಸ್ಥ ಒಬ್ಬ ಮುಸ್ಲಿಂ, ಆದರೆ ಕಡಲ್ಗಳ್ಳ ಅಂತ ಬೈದು ಬರೆದಿದ್ದಾನೆ. ಇವರ ಹಡಗು ಲಂಗರು ಹಾಕಿದಾಗ ದೊರೆ ನಂಬಿಕೆಗೆ ಅಂತ ತನ್ನ ಮಗನನ್ನೇ ಹಡಗಿಗೆ ಒತ್ತೆ ಕಳಿಸಿದನಂತೆ. ಆಮೇಲೆ ಮೂರು ದಿನ ಆತಿಥ್ಯ. ಈ ದಾರಿಯಲ್ಲಿ ಹೋಗೋ ಹಡಗು ಇಲ್ಲಿ ನಿಂತು ಕಾಣಿಕೆ ಕೊಟ್ಟೇ ಹೋಗಬೇಕು, ಇಲ್ಲದಿದ್ರೆ ಅಟ್ಟಿಸಿಕೊಂಡು ಬರ್ತಿದ್ರು. ಟೋಲ್ ಗೇಟು ಅವತ್ತೂ ಇತ್ತು ಅಂತಾಯ್ತು :-)

ನನಗೆ ಇದಕ್ಕಿಂತ ಹೆಚ್ಚು ಖುಷಿ ಕೊಟ್ಟಿದ್ದು ಅವನು ಕರಾವಳಿಯ ನೆಲದ ದಾರಿಯ ಬಗ್ಗೆ ಬರೆದಿರೋದು. ಗೋವೆಯಿಂದ ಕೊಲ್ಲಂವರೆಗೆ ಎರಡು ತಿಂಗಳ ದಾರಿ, ಉದ್ದಕ್ಕೂ ಮರದ ನೆರಳು. ಅರ್ಧ ಅರ್ಧ ಮೈಲಿಗೆ ಜಗಲಿ ಇರೋ ಒಂದು ಮರದ ಮನೆ, ಪಕ್ಕದಲ್ಲಿ ಬಾವಿ, ನೀರು ಕೊಡೋಕೆ ಒಬ್ಬ ಮನುಷ್ಯ. ನಮ್ಮ ಅರವಟ್ಟಿಗೆ! ಈ ಸೀಮೆಯಲ್ಲಿ ಕುದುರೆ ಇರೋದು ದೊರೆಗೆ ಮಾತ್ರ, ಮಿಕ್ಕವರೆಲ್ಲ ನಡೆದೇ ಹೋಗ್ತಾರೆ, ಇಲ್ಲವೇ ಡೋಲಿಯಲ್ಲಿ ಹೋಗ್ತಾರೆ ಅಂತಾನೆ. ಡೋಲಿ ಹೊರೋರು ಗುಲಾಮರು, ಇಲ್ಲಾ ಕೂಲಿಯವರು. ವ್ಯಾಪಾರಿಗಳ ಮೂಟೆ ಹೊರೋರೂ ಕೂಲಿಯವರೇ. ಹಾಗಾಗಿ ಹಳೇ ಕಾಲವೇ ಸೊಗಸು ಅಂತ ಹಾಡಿ ಹೊಗಳೋ ಹಾಗೂ ಇಲ್ಲ. ಕೆಲವರ ಸುಖಪ್ರಯಾಣ ಬೇರೆಯವರ ಹೆಗಲ ಮೇಲಿತ್ತು. ಆದ್ರೆ ನಡೆಯೋನಿಗೆ ನೆರಳು, ನೀರು, ಕೂರೋಕೆ ಜಾಗ ಕೊಡೋದು ಊರಿನ ಕೆಲಸ ಅನ್ನೋ ತಿಳುವಳಿಕೆ ಇತ್ತಲ್ಲ, ಅದನ್ನ ನಾವು ಕಳ್ಕೊಂಡಿದೀವಿ. ದೊಡ್ಡಬಳ್ಳಾಪುರ ರಸ್ತೆಯನ್ನ ಒಂದು ಸಲ ಕಾಲ್ನಡಿಗೆಯಲ್ಲಿ ದಾಟಿ ನೋಡಿ, ಗೊತ್ತಾಗುತ್ತೆ.

ಬಾಗಿಲು ಮುಚ್ಚಿದ್ದು

16ನೇ ಶತಮಾನದ ಶುರುವಿನಲ್ಲಿ ಪೋರ್ಚುಗೀಸ್ ದುವಾರ್ತೆ ಬಾರ್ಬೋಸಾ ಬಂದಾಗಲೂ ಇಲ್ಲಿಂದ ಅಕ್ಕಿ ಹಡಗು ಹಡಗಾಗಿ ಹೋಗ್ತಿತ್ತು. 1520ರ ದಶಕದಲ್ಲಿ ಪೋರ್ಚುಗೀಸರು ಇಲ್ಲೇ ಕಲ್ಲಿಕೋಟೆಯ ಹಡಗುಗಳ ಮೇಲೆ ಬಿದ್ದು ಸುಟ್ಟರು. ಕಡಲು ಅವರ ಕೈಗೆ ಹೋಯ್ತು. ವಿಜಯನಗರ 1565ರಲ್ಲಿ ಬಿದ್ದ ಮೇಲೆ ಕುದುರೆ ಕೊಳ್ಳೋ ದೊಡ್ಡ ಗಿರಾಕಿಯೂ ಇಲ್ಲವಾದ. ಕೆಳದಿಯವರ ಕಾಲಕ್ಕೆ ಬಸ್ರೂರು, ಮಂಗಳೂರುಗಳೇ ಮುಂದೆ. ಊರಿಗೆ ಬರೋ ದಾರಿ ಒಂದೊಂದಾಗಿ ನಿಂತು ಬಾರಕೂರು ಹಳ್ಳಿಯಾಯ್ತು.

ಈಗ ಅಲ್ಲಿ ಏನಿದೆ? ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ... ಪೇಟೆ ಹೋದರೂ ಕೇರಿಗಳ ಹೆಸರು ಉಳಿದಿದೆ. ದಿನಕ್ಕೊಂದರಂತೆ 365 ದೇವಸ್ಥಾನ ಇತ್ತು ಅಂತ ಊರಿನ ಮಾತು. ಕೋಟೆಕೇರಿಯ ಪಂಚಲಿಂಗೇಶ್ವರ, ಚೌಳಿಕೇರಿಯ ಗಣಪತಿ, ಕಲ್ಲಿನ ಕಟ್ಟಡ ಉಳಿದು ಮೂರ್ತಿಗಳಿಲ್ಲದ ಕತ್ತಲೆ ಬಸದಿ, ಕೋಟೆಯ ಕುರುಹು. ಗದ್ದೆ, ತೆಂಗಿನ ತೋಟದ ನಡುವೆ ಎಲ್ಲಾ ನಡೆದೇ ನೋಡೋವಷ್ಟು ಹತ್ತಿರ ಹತ್ತಿರ. ಹಂಪಿಯ ಹಾಗೆ ಕಣ್ಣು ಕುಕ್ಕಲ್ಲ. ಸುಮ್ಮನೆ ಒಂದು ಅರ್ಧ ದಿನ ಬೇಡುತ್ತೆ ಅಷ್ಟೇ. ಕಾರಿನವರು ಹೆದ್ದಾರಿಯಲ್ಲಿ ಬ್ರಹ್ಮಾವರ ದಾಟಿ ನೇರ ಮುರ್ಡೇಶ್ವರಕ್ಕೆ ಹೊಡೀತಾರೆ. ಅಲ್ಲಿಂದ ಬಾರಕೂರಿಗೆ ನಾಲ್ಕೇ ಕಿ.ಮೀ. ಅಂತ ಅವರಿಗೆ ಹೇಳೋರು ಯಾರು?

ಈಗ ಹೋಗೋದು ಹೇಗೆ?

ನಾನಿರೋದು ಪುಟ್ಟೇನಹಳ್ಳಿ. ಜೆ.ಪಿ. ನಗರದ್ದಲ್ಲ ಸ್ವಾಮಿ, ಯಲಹಂಕದ್ದು, ಹಕ್ಕಿಗಳ ಕೆರೆ ಇರೋದು! ಇಲ್ಲಿಂದ ಯಶವಂತಪುರಕ್ಕೆ ಬಿಎಂಟಿಸಿ ಬಸ್ಸು, ಅಲ್ಲಿಂದ ರಾತ್ರಿ ರೈಲು, ಬೆಳಿಗ್ಗೆ ಕಡಲು. ಇಷ್ಟು ಸಲೀಸಾಗಿ ಬರೆಯೋಕೆ ನೂರಕ್ಕೂ ಹೆಚ್ಚು ವರ್ಷ ಹಿಡಿದಿದೆ. ಮಂಗಳೂರಿಗೆ ರೈಲು ಬಂದಿದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ. ಹಾಸನದಿಂದ ಘಟ್ಟ ಇಳಿದು ಮಂಗಳೂರಿಗೆ ಮೀಟರ್ ಗೇಜ್ ಹಳಿ ಪೂರ್ತಿಯಾಗಿದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಡುವೆ 57 ಸುರಂಗ. ಅದನ್ನ ಬ್ರಾಡ್‌ಗೇಜ್ ಮಾಡಿ ಮತ್ತೆ ಪ್ರಯಾಣಿಕರ ರೈಲು ಬಿಟ್ಟಿದ್ದು 2007ರ ಡಿಸೆಂಬರಿನಲ್ಲಿ. ಕೊಂಕಣ ರೈಲ್ವೆ ಪೂರ್ತಿ ಶುರುವಾಗಿದ್ದು 1998. ಕುಣಿಗಲ್, ಶ್ರವಣಬೆಳಗೊಳ ಮೇಲೆ ಹಾಸನಕ್ಕೆ ನೇರ ಹಳಿ 2017. ಮಂಗಳೂರು ಊರೊಳಗೆ ಹೋಗದೆ ಪಡೀಲ್ ಬೈಪಾಸ್ ಹಿಡಿದು ನೇರ ಉಡುಪಿ ಕಡೆ ಹೋಗೋ ರಾತ್ರಿ ರೈಲು ಯಶವಂತಪುರದಿಂದ ಹೊರಟಿದ್ದು 2020ರ ಮಾರ್ಚಿನಲ್ಲಿ. ಕಾರವಾರಕ್ಕೆ ಹೋಗೋ ಪಂಚಗಂಗಾ ಎಕ್ಸ್‌ಪ್ರೆಸ್ ಇದೇ ದಾರಿಯದ್ದು.

ಮಳೆಗಾಲದಲ್ಲಿ ಬೇಡ. ಘಟ್ಟದಲ್ಲಿ ಗುಡ್ಡ ಕುಸಿದ್ರೆ ರೈಲು ವಾರಗಟ್ಟಲೆ ಬಂದ್. 2018ರ ಆಗಸ್ಟ್, 2024ರ ಜುಲೈ ಎರಡೂ ಸಲ ಹಾಗಾಯ್ತು. ನವರಾತ್ರಿ ಕಳೆದು ದೀಪಾವಳಿಯೊಳಗೆ ಹೋಗಿ ಬಂದ್ರೆ ಗದ್ದೆ ಹಸಿರಿರುತ್ತೆ, ಬಿಸಿಲೂ ಅಷ್ಟು ಸುಡಲ್ಲ.

ಮೊದಲ ದಿನ ಬಾರಕೂರು. ಊರಿಗೆ ತನ್ನದೇ ರೈಲು ನಿಲ್ದಾಣ ಇದೆ. ಎಲ್ಲಾ ರೈಲೂ ನಿಲ್ಲಲ್ಲ, ಟೈಂಟೇಬಲ್ ನೋಡ್ಕೊಳ್ಳಿ. ಇಲ್ಲದಿದ್ರೆ ಉಡುಪಿಯಲ್ಲಿ ಇಳಿದು ಬ್ರಹ್ಮಾವರದ ಮೇಲೆ ಬಸ್ಸು. ಕೇರಿಗಳನ್ನ ಸುತ್ತಿ ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ ಹಂಗಾರಕಟ್ಟೆಗೆ ಬನ್ನಿ. ಸೀತಾ, ಸುವರ್ಣಾ ನದಿಗಳೆರಡೂ ಸಮುದ್ರ ಸೇರೋ ಜಾಗ ಅದು. ಆಚೆ ದಡದಲ್ಲಿ ಕೋಡಿ ಬೆಂಗ್ರೆ, ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಸಪೂರ ನೆಲ. ದೋಣಿ ಎಷ್ಟೊತ್ತಿಗೆ ಅಂತ ಅಲ್ಲೇ ವಿಚಾರಿಸಿ. ದಾಟಿದ್ರೆ ಹೂಡೆ, ಕೆಮ್ಮಣ್ಣು ಮೇಲೆ ಉಡುಪಿಗೆ ಬಸ್ಸಿದೆ. ಎರಡನೇ ದಿನ ಮಲ್ಪೆ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಮಳೆಗಾಲದಲ್ಲಿ ನಿಲ್ಲೋ ಈ ದೋಣಿಗಳು ಕಡಲು ಶಾಂತವಾದ ಮೇಲೇ ಶುರುವಾಗೋದು. ಲೈಫ್‌ಗಾರ್ಡ್ ಬೇಡ ಅಂದ ಕಡೆ ನೀರಿಗಿಳಿಯೋ ಧೈರ್ಯ ಖಂಡಿತ ಬೇಡ. ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ಬೆಂಗಳೂರು.

ರಜಾಕ್ 18 ದಿನದಲ್ಲಿ ಇಳಿದ ಘಟ್ಟವನ್ನ ನಾವು ನಿದ್ದೆಯಲ್ಲಿ ಇಳೀತೀವಿ. ಆದ್ರೆ ಒಂದು ಮಾತು. ಜನ ಹತ್ತಿ ಇಳಿಯದ ಸ್ಟೇಷನ್ನುಗಳಲ್ಲಿ ರೈಲುಗಳ ನಿಲುಗಡೆ ಉಳಿಯೋದು ಕಷ್ಟ. ಹಡಗುಗಳು ಬರೋದು ನಿಂತು ಒಂದು ಸಲ ಹಳ್ಳಿಯಾದ ಊರು ಅದು. ಇನ್ನೊಂದು ದಾರಿಯೂ ಅದನ್ನ ಬಿಟ್ಟು ಮುಂದೆ ಹೋಗೋದು ಬೇಡ. ಆದ್ದರಿಂದ ನಿಮ್ಮ ರೈಲು ಅಲ್ಲಿ ನಿಲ್ಲೋದಾದ್ರೆ ಟಿಕೆಟ್ಟನ್ನ ಉಡುಪಿಗೆ ತಗೋಬೇಡಿ, ಬಾರಕೂರಿಗೇ ತಗೊಳ್ಳಿ.

ಬಾರಕೂರು ಕಡೆಯವರು ಯಾರಾದ್ರೂ ಇದನ್ನ ಓದ್ತಾ ಇದ್ರೆ, ಯಾವ ಕೇರಿಯಲ್ಲಿ ಒಳ್ಳೇ ಬನ್ಸು ಸಿಗುತ್ತೆ ಅಂತ ದಯವಿಟ್ಟು ತಿಳಿಸಿ. ಇತಿಹಾಸ ಹೊಟ್ಟೆ ತುಂಬಿಸಲ್ಲ ನೋಡಿ :-)