ಒಂದು ಸ್ಪಾರ್ಕ್ ಪ್ಲಗ್, ಒಂದು ಸಹಿ

ಭಿವಂಡಿಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಪವರ್‌ಲೂಮ್ ಸದ್ದು ಕೇಳಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಇವತ್ತಿನ ಕಥೆ 1930ರ ಮೇ ತಿಂಗಳದ್ದು. ಇಂಗ್ಲೆಂಡ್–ಭಾರತದ ನಡುವೆ ಒಬ್ಬನೇ ವಿಮಾನ ಹಾರಿಸುವ ಮೊದಲ ಭಾರತೀಯನಿಗೆ ಆಗಾ ಖಾನ್ 500 ಪೌಂಡ್ ಬಹುಮಾನ ಇಟ್ಟಿದ್ದರು. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟರು. ಎದುರು ದಿಕ್ಕಿನಿಂದ ಬರ್ತಾ ಇದ್ದವನು ಆಸ್ಪಿ ಇಂಜಿನಿಯರ್, 17 ವರ್ಷದ ಹುಡುಗ. ಇಬ್ಬರದ್ದೂ ಜಿಪ್ಸಿ ಮಾತ್. ಈಜಿಪ್ಟಿನ ಅಬೂಕಿರ್‌ನಲ್ಲಿ ಇಬ್ಬರೂ ಎದುರಾದರು. ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ಅಲ್ಲೇ ಸಿಕ್ಕಿಹಾಕಿಕೊಂಡಿದ್ದ. ಜೆ.ಆರ್.ಡಿ. ತಮ್ಮ ಸ್ಪೇರ್ ಕೊಟ್ಟರು. ಆಸ್ಪಿ ಕೆಲವೇ ಗಂಟೆಗಳ ಅಂತರದಲ್ಲಿ ಗೆದ್ದ.

ಈ ಕಥೆಯನ್ನ ಎಲ್ಲರೂ ದೊಡ್ಡತನದ ಕಥೆ ಅಂತ ಹೇಳ್ತಾರೆ. ನಿಜವೇ. ಆದ್ರೆ ಎಂಜಿನಿಯರ್ ಆಗಿ ನನ್ನ ಕಣ್ಣು ಹೋಗೋದು ಆ ಪ್ಲಗ್ ಮೇಲೆ. ಆ ಎಂಜಿನ್‌ಗೆ ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಎರಡೆರಡು ಪ್ಲಗ್. ಎಣ್ಣೆ, ಮಸಿ ಕಟ್ಟಿದರೆ ಕಿಡಿ ಹಾರಲ್ಲ. ಬದಲಿಸೋದು ಸಣ್ಣ ಕೆಲಸವೇ. ಆದರೆ ಹೆಚ್ಚು ಬಿಗಿ ಮಾಡಿದರೆ ಮರೆ ಹಾಳು, ಸಡಿಲ ಬಿಟ್ಟರೆ ಒತ್ತಡ ಸೋರಿಕೆ, ಕೆಳಗೆ ಬಿದ್ದ ಪ್ಲಗ್ ಹಾಕಿದರೆ ಒಳಗೆ ಬಿರುಕಿರಬಹುದು. ಆಕಾಶದಲ್ಲಿ ಗಾಡಿ ಪಕ್ಕಕ್ಕೆ ನಿಲ್ಲಿಸೋಕಾಗುತ್ತಾ?

ಹಾಗಾಗಿಯೇ ಇಂಥ ಕೆಲಸಕ್ಕೆ ನಿಯಮ ಬಂತು. ಅಮೆರಿಕದಲ್ಲಿ ಖಾಸಗಿ ಪೈಲಟ್ ತನ್ನ ಸ್ವಂತ ವಿಮಾನದ ಪ್ಲಗ್ ತಾನೇ ಬಿಚ್ಚಿ, ಶುಚಿ ಮಾಡಿ, ಬದಲಿಸಬಹುದು. ಟೈರ್, ಆಯಿಲ್ ಕೂಡ. ಒಂದು ಷರತ್ತು: ಲಾಗ್ ಪುಸ್ತಕದಲ್ಲಿ ಏನು ಮಾಡಿದೆ, ಯಾವತ್ತು ಮುಗಿಸಿದೆ ಅಂತ ಬರೆದು, ಸಹಿ ಹಾಕಿ, ಲೈಸೆನ್ಸ್ ಯಾವ ಬಗೆಯದು, ಅದರ ನಂಬರ್ ಎಷ್ಟು ಅಂತ ನಮೂದಿಸಬೇಕು. ನಮ್ಮಲ್ಲೂ 1937ರ ವಿಮಾನ ನಿಯಮಗಳು ಲಾಗ್ ಪುಸ್ತಕ ಇಡಲೇಬೇಕು ಅಂದವು.

ಕೆಲಸ ಸಣ್ಣದು, ಬರೆಯೋದ್ಯಾಕೆ? ನಾನೂ ಹಾಗೇ ಅಂದ್ಕೊಂಡಿದ್ದೆ. ಕೆಲವು ವರ್ಷದ ಹಿಂದೆ, ಒಂದು ಶುಕ್ರವಾರ ಸಂಜೆ, ಪ್ರೊಡಕ್ಷನ್‌ನಲ್ಲಿ ಒಂದೇ ಒಂದು ಟೈಮ್‌ಔಟ್ ಸಂಖ್ಯೆ ಬದಲಿಸಿದೆ. ಡೊಂಬಿವಲಿ ಲೋಕಲ್ ಹಿಡಿಯೋ ಅವಸರ, ಎಲ್ಲೂ ಬರೀಲಿಲ್ಲ. ಭಾನುವಾರ ರಾತ್ರಿ ಸಿಸ್ಟಮ್ ಕುಸಿಯಿತು. ಡ್ಯೂಟಿಯಲ್ಲಿದ್ದ ಹುಬ್ಬಳ್ಳಿ ಹುಡುಗ ಬೆಳಗಿನವರೆಗೂ ತನ್ನದೇ ಕೋಡ್‌ನಲ್ಲಿ ತಪ್ಪು ಹುಡುಕಿದ. ಸೋಮವಾರದ ಮೀಟಿಂಗ್‌ನಲ್ಲಿ ಬೈಸಿಕೊಂಡವನೂ ಅವನೇ. ನಾನು ಮಾಡಿದ್ದು ಅಂತ ಬಾಯಿ ಬಿಟ್ಟಿದ್ದು ಬುಧವಾರ. "ಪರವಾಗಿಲ್ಲ ಬಿಡ್ರಿ ಸರ್" ಅಂದ. ಆದರೆ ನನಗೆ ಇವತ್ತಿಗೂ ಪರವಾಗಿಲ್ಲ ಅನ್ನಿಸಿಲ್ಲ.

ಲಾಗ್ ಬರೆಯೋದು ನಮಗಾಗಿ ಅಲ್ಲ. ನಮ್ಮ ನಂತರ ಆ ಎಂಜಿನ್ ಮುಟ್ಟುವವರಿಗಾಗಿ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಕರಾಚಿಯಿಂದ ಪುಸ್ ಮಾತ್‌ನಲ್ಲಿ ಟಪಾಲು ತಂದು ಜುಹೂನಲ್ಲಿಳಿದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅದನ್ನ ನಮ್ಮ ಬಳ್ಳಾರಿ ಮೇಲಾಗಿ ಮದ್ರಾಸಿಗೆ ಒಯ್ದರು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ಹೋದಾಗ ನೆನಪು ಸಾಲದು, ಬರಹ ಬೇಕು. ಅಬೂಕಿರ್‌ನ ಆ ಹುಡುಗ ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಮುಖ್ಯಸ್ಥನಾದ, 1960ರಲ್ಲಿ ವಾಯುಪಡೆಯ ಮುಖ್ಯಸ್ಥನೂ ಆದ.

ನೀವು ಬರೆಯದೆ ಬಿಟ್ಟ ಸಣ್ಣ ಬದಲಾವಣೆ ಯಾವುದಾದ್ರೂ ಇದ್ರೆ, ಇವತ್ತೇ ಬರೆದುಬಿಡಿ. ಮುಂದಿನ ವಿಡಿಯೋದಲ್ಲಿ ಸಿಗೋಣ.