ಇಂದಾಪುರದಲ್ಲಿ ಗಾಳಿ ಅಳೆದದ್ದು

ಮುಂಬಯಿಯಿಂದ ವಿಜಯಪುರ, ಕಲಬುರ್ಗಿಗಳ ಕಡೆಗೆ ರಸ್ತೆಯಲ್ಲಿ ಹೋಗುವ ನಮ್ಮವರಿಗೆ ಇಂದಾಪುರ ಅಪರಿಚಿತ ಊರೇನಲ್ಲ. ಪುಣೆಯಿಂದ ಸುಮಾರು 135 ಕಿಲೋಮೀಟರು ದೂರದಲ್ಲಿ, ಸೋಲಾಪುರದ ಹೆದ್ದಾರಿಯ ಮೇಲಿರುವ ಈ ತಾಲ್ಲೂಕಿನ ಊರಿನಲ್ಲಿ ಚಹಾ ಕುಡಿದು, ಉಜನಿ ಜಲಾಶಯಕ್ಕೆ ನೀರೆಷ್ಟು ಬಂದಿದೆಯೆಂದು ವಿಚಾರಿಸಿ ಮುಂದೆ ಸಾಗುವುದು ರೂಢಿ. ಕಳೆದ ಮೇ ತಿಂಗಳಲ್ಲಿ ನಾವೂ ಸಂಸಾರ ಸಮೇತ ಅಲ್ಲಿ ನಿಂತಿದ್ದೆವು.

ನಮ್ಮ ಕಾರಿನ ಫಲಕದಲ್ಲಿ ನಾಲ್ಕೂ ಟೈರುಗಳ ಗಾಳಿಯ ಒತ್ತಡ ಅಂಕಿಗಳಲ್ಲಿ ಕಾಣುತ್ತದೆ. ಬೆಳಿಗ್ಗೆ ಮುಂಬಯಿ ಬಿಡುವಾಗ 33 ಪೌಂಡು ಇದ್ದದ್ದು ಇಂದಾಪುರದಲ್ಲಿ 37 ಆಗಿತ್ತು. ಜೊತೆಗೆ ಇಟ್ಟುಕೊಂಡಿದ್ದ ಪೆನ್ಸಿಲ್ ಗೇಜು ಒತ್ತಿ ನೋಡಿದರೆ 38! ಗಾಳಿ ತುಂಬುವ ಹುಡುಗ, "ಕಾಕಾ, ಹವಾ ಜಾಸ್ತಿಯಾಗಿದೆ, ಈ ಬಿಸಿಲಿಗೆ ಟೈರು ಒಡೆಯುತ್ತದೆ" ಎಂದು ಮರಾಠಿಯಲ್ಲಿ ಎಚ್ಚರಿಸಿದ. ಬಿ.ಎಸ್‌ಸಿ. ಓದಿದ ನಾವೂ ತಲೆಯಾಡಿಸಿ, ಗೇಜು ನೋಡಿ 33ಕ್ಕೆ ಇಳಿಸಿದೆವು. ಮರುದಿನ ಬೆಳಿಗ್ಗೆ ವಿಜಯಪುರದಲ್ಲಿ ನೋಡಿದರೆ ಫಲಕದಲ್ಲಿ 28, ಗೇಜಿನಲ್ಲಿ 29. ಎಚ್ಚರಿಕೆಯ ದೀಪವಂತೂ ಉರಿದೇ ಇರಲಿಲ್ಲ. ಫಲಕ ಸುಳ್ಳೋ, ಗೇಜು ಸುಳ್ಳೋ ಎಂಬ ಪ್ರಶ್ನೆ ಅಂದು ಹುಟ್ಟಿತು. ಅದರ ಉತ್ತರ ಹುಡುಕುತ್ತ ಗಾಳಿ ಅಳೆದವರ ಚರಿತ್ರೆಗೇ ಕೈ ಹಾಕಬೇಕಾಯಿತು.

ಗಾಳಿಯ ಚಕ್ರವನ್ನು ಮೊದಲು ಯೋಚಿಸಿದವರು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. 1845ರಲ್ಲಿ ಅವರು ಪಡೆದ ಪೇಟೆಂಟು ಕುದುರೆಗಾಡಿಯ ಕಾಲದಲ್ಲಿ ಮೂಲೆಗೆ ಬಿತ್ತು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನೇ ಹೊಸದಾಗಿ ಕಂಡುಹಿಡಿದು ಸೈಕಲ್ಲಿಗೆ ತೊಡಿಸಿದರು. ಒತ್ತಡ ಅಳೆಯುವ ಸಾಧನ ಅಷ್ಟರಲ್ಲಾಗಲೇ ಬಂದಿತ್ತು. 1849ರಲ್ಲಿ ಪ್ಯಾರಿಸಿನ ಯೂಜೆನ್ ಬೂರ್ಡನ್ ಬಾಗಿದ ಲೋಹದ ಕೊಳವೆಯ ಮಾಪಕವೊಂದನ್ನು ಮಾಡಿದ್ದರು. ಒಳಗೆ ಒತ್ತಡ ಹೆಚ್ಚಿದಂತೆ ಕೊಳವೆ ನೆಟ್ಟಗಾಗಲು ಹವಣಿಸುತ್ತದೆ, ಅದಕ್ಕೆ ಜೋಡಿಸಿದ ಮುಳ್ಳು ತಿರುಗುತ್ತದೆ. ಉಗಿಯಂತ್ರಕ್ಕೆಂದು ಹುಟ್ಟಿದ ಆ ತತ್ತ್ವವೇ ಇಂದಿಗೂ ಮುಳ್ಳಿನ ಗೇಜುಗಳಲ್ಲಿದೆ. ಪೆನ್ಸಿಲ್ ಗೇಜಿನಲ್ಲಿ ಇರುವುದು ಒಂದು ಸ್ಪ್ರಿಂಗು ಮಾತ್ರ. ನ್ಯೂಯಾರ್ಕಿನ ಆಗಸ್ಟ್ ಶ್ರೇಡರ್ 1893ರಲ್ಲಿ ಪೇಟೆಂಟು ಪಡೆದ ವಾಲ್ವು ಇಲ್ಲದಿದ್ದರೆ ಗಾಳಿ ಬಿಡದೆ ಅಳೆಯುವುದೇ ದುಸ್ತರವಾಗುತ್ತಿತ್ತು.

ಕಾರಿನೊಳಗೇ ಕುಳಿತು ಒತ್ತಡ ತಿಳಿಯುವ ಏರ್ಪಾಡು 1986ರ ಪೋರ್ಷೆ 959 ಕಾರಿನಲ್ಲಿ ಬಂದಿತು. ಅದು ಸಿರಿವಂತರ ಸೊತ್ತು. ಸಾಮಾನ್ಯರ ಕಾರಿಗೆ ಅದು ಇಳಿದು ಬಂದದ್ದು ಸಾವುಗಳ ಮೂಲಕ. 2000ದಲ್ಲಿ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳು ಪದರ ಬಿಟ್ಟು ಇನ್ನೂರಕ್ಕೂ ಹೆಚ್ಚು ಜನ ಸತ್ತ ಪ್ರಕರಣ ಬಯಲಾಗಿ, ಅದೇ ವರ್ಷದ ನವೆಂಬರಿನಲ್ಲಿ ಕಾನೂನು ಬಂತು. 2007ರ ಸೆಪ್ಟೆಂಬರಿನಿಂದ ಅಲ್ಲಿನ ಹೊಸ ಕಾರುಗಳೆಲ್ಲದರಲ್ಲೂ ಎಚ್ಚರಿಕೆಯ ದೀಪ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ ಹಾಗೆಯೇ ಆಯಿತು.

ಆ ದೀಪ ಯಾವಾಗ ಉರಿಯಬೇಕು? ಅಮೆರಿಕದ ನಿಯಮದಂತೆ ಒತ್ತಡ ನಿಗದಿಗಿಂತ ಶೇಕಡ 25ರಷ್ಟು ಇಳಿದಾಗ. ಯುರೋಪಿನಲ್ಲಿ ಶೇಕಡ 20. ಲೆಕ್ಕ ಹಾಕಿದರೆ 33 ಪೌಂಡಿನ ಟೈರು ಅಲ್ಲಿ 25ರ ಸುಮಾರಿಗೆ, ಇಲ್ಲಿ 26ರ ಸುಮಾರಿಗೆ ಬಂದ ಮೇಲಷ್ಟೇ ದೀಪ ಹತ್ತಲೇಬೇಕು. ನಮ್ಮ 29 ಪೌಂಡಿನ ಟೈರು ದೀಪದ ಕಣ್ಣಿಗೆ ಸ್ವಸ್ಥವೇ!

ಈ ಏರ್ಪಾಡಿನಲ್ಲಿ ಎರಡು ಬಗೆ. ಒಂದರಲ್ಲಿ ಒತ್ತಡವನ್ನು ಅಳೆಯುವುದೇ ಇಲ್ಲ. ಗಾಳಿ ಇಳಿದ ಚಕ್ರದ ಸುತ್ತಳತೆ ತುಸು ಕುಗ್ಗಿ ಅದು ಉಳಿದವುಗಳಿಗಿಂತ ಬೇಗ ತಿರುಗುತ್ತದೆ. ಬ್ರೇಕಿನ ವ್ಯವಸ್ಥೆಯಲ್ಲಿರುವ ವೇಗಮಾಪಕ ಅದನ್ನು ಎಣಿಸಿ ಊಹಿಸುತ್ತದೆ. ನಾಲ್ಕೂ ಟೈರು ಸಮನಾಗಿ ಇಳಿದರೆ ಹಳೆಯ ತೆರನ ಎಣಿಕೆ ಮೋಸಹೋಗುತ್ತದೆ. ಇನ್ನೊಂದರಲ್ಲಿ ಪ್ರತಿ ಚಕ್ರದೊಳಗೂ ಬ್ಯಾಟರಿಯುಳ್ಳ ಪುಟ್ಟ ಸೆನ್ಸರು ಕುಳಿತು ರೇಡಿಯೋ ಅಲೆಯಲ್ಲಿ ಅಂಕಿ ಕಳಿಸುತ್ತದೆ. ನಮ್ಮದು ಈ ಎರಡನೆಯ ಜಾತಿ.

ಹಾಗಿದ್ದರೆ ಒಂದು ಪೌಂಡಿನ ವ್ಯತ್ಯಾಸ ಏಕೆ? ಕೈಗೇಜು ಅಳೆಯುವುದು ಟೈರಿನ ಒಳಗಿನ ಮತ್ತು ಹೊರಗಿನ ಒತ್ತಡಗಳ ಅಂತರವನ್ನು. ಸೆನ್ಸರು ಅಳೆಯುವುದು ಒಳಗಿನ ಪೂರ್ಣ ಒತ್ತಡವನ್ನು. ಹೊರಗಿನ ಗಾಳಿಯ ಭಾರವನ್ನು ಅನಂತರ ಲೆಕ್ಕದಲ್ಲಿ ಕಳೆಯುತ್ತಾರೆ. ಕೆಲವು ಗಾಡಿಗಳು ಕಳೆಯುವುದು ಸಮುದ್ರಮಟ್ಟದ ಭಾರವನ್ನೇ. ಮುಂಬಯಿಯಲ್ಲಿ ಅದು ಸರಿ. ಘಟ್ಟ ಹತ್ತಿ ಅರ್ಧ ಕಿಲೋಮೀಟರಿಗೂ ಎತ್ತರದ ಪುಣೆ ಸೇರಿದರೆ ಹೊರಗಿನ ಭಾರ ಸುಮಾರು 0.9 ಪೌಂಡು ಕಡಿಮೆ. ಅಂಥ ಕಾರಿನಲ್ಲಿ ಫಲಕ ಅಷ್ಟು ಕಡಿಮೆ ತೋರಿಸುವುದು ಸಹಜ. ಜೊತೆಗೆ ಎರಡೂ ಸಾಧನಗಳಿಗೆ ತಮ್ಮದೇ ಆದ ಒಂದೆರಡು ಪೌಂಡಿನ ತಪ್ಪು ಇದ್ದೀತು.

ನಾಲ್ಕು ಪೌಂಡಿನ ನಷ್ಟಕ್ಕೆ ಮಾತ್ರ ಎರಡೂ ಹೊಣೆಯಲ್ಲ. ಗೇ-ಲುಸಾಕ್ ನಿಯಮವನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು. ಟೈರಿನ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು ಒಂದೂವರೆ ಪೌಂಡು ಏರುತ್ತದೆ. ಗಂಟೆಗಟ್ಟಲೆ ಓಡಿದ ಟೈರು ಕಾದು 38 ತೋರಿಸಿದ್ದು ಸರಿಯೇ ಆಗಿತ್ತು. ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿ ಬರೆದ 33 ತಣ್ಣಗಿನ ಟೈರಿನ ಲೆಕ್ಕ. ಬಿಸಿ ಟೈರನ್ನು ತಣ್ಣಗಿನ ಅಂಕಿಗೆ ಇಳಿಸಿದವರು ನಾವು. ಬಿಸಿಲಿನಲ್ಲಿ ಹೆಚ್ಚು ಅಪಾಯ ಗಾಳಿ ಕಡಿಮೆಯಾದ ಟೈರಿನಿಂದ. ಅದರ ಪಕ್ಕಗಳು ಹೆಚ್ಚು ಬಾಗಿ, ಮತ್ತಷ್ಟು ಕಾದು, ಕಡೆಗೆ ಸಿಡಿಯುತ್ತವೆ. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಇಂದಾಪುರದಿಂದ ವಿಜಯಪುರದವರೆಗೆ ಅಂಥ ಟೈರಿನ ಮೇಲೆ ಬಂದೆವೆಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅಳತೆ ಸೂಕ್ಷ್ಮವಾಗಿದ್ದೂ ಫಲ ತಪ್ಪಬಹುದೆಂಬುದಕ್ಕೆ ಇಂದಾಪುರದ ಚರಿತ್ರೆಯೇ ಸಾಕ್ಷಿ. ಕಂಪನಿ ಸರಕಾರದ ಪ್ರಿಂಗಲ್ ಎಂಬ ಅಧಿಕಾರಿ ಪುಣೆ ಜಿಲ್ಲೆಯ ಹೊಲಗಳನ್ನು ಅಳೆಸಿ, ನಿವ್ವಳ ಉತ್ಪತ್ತಿಯ ಸಿದ್ಧಾಂತದಂತೆ ಬಹು ನಾಜೂಕಾಗಿ ಲೆಕ್ಕ ಹಾಕಿ, 1830ರ ಸುಮಾರಿಗೆ ಕಂದಾಯ ಗೊತ್ತುಮಾಡಿದರು. ಕೆಳಗಿನವರು ಕೊಟ್ಟ ಅಂಕಿಗಳೇ ಕೆಟ್ಟಿದ್ದವು. ಇಂದಾಪುರದ ರೈತರು ಹೊಲ ಬಿಟ್ಟುಹೋಗುವಂತಾಯಿತು. 1835ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅದೇ ತಾಲ್ಲೂಕಿನಲ್ಲಿ ಕೆಲಸವನ್ನು ತಿದ್ದಲು ತೊಡಗಿ, ಕಂದಾಯ ತಗ್ಗಿಸಿ, 30 ವರ್ಷಕ್ಕೆ ಖಾಯಂ ಮಾಡಿದರು. ಕೆಳಗಿನವನ ಅಳತೆಯನ್ನು ಮೇಲಿನವನು ಮತ್ತೆ ಪರೀಕ್ಷಿಸುವುದು ಈ ಪದ್ಧತಿಯ ಒಂದು ಅಂಗವಾಯಿತು. 1840ರ ದಶಕದಲ್ಲಿ ವಿಂಗೇಟ್ ಅದನ್ನೇ ನಮ್ಮ ಧಾರವಾಡದ ಕಡೆಗೆ ತಂದರು. ನಮ್ಮ ಹಿರಿಯರ ಪಹಣಿಯ ಎಕರೆ-ಗುಂಟೆಗಳ ಬೇರು ಇಂದಾಪುರದಲ್ಲಿದೆ.

ಟೈರಿಗೂ ಅದೇ ಪಾಠ. 2020ರಲ್ಲಿ ನಮ್ಮ ಕೇಂದ್ರ ಸರಕಾರ, ಗಾಳಿಯ ಎಚ್ಚರಿಕೆ ಏರ್ಪಾಡು ಮತ್ತು ರಿಪೇರಿ ಸಾಮಗ್ರಿ ಇರುವ ಟ್ಯೂಬ್‌ಲೆಸ್ ಟೈರಿನ ಕಾರುಗಳಿಗೆ ಸ್ಟೆಪ್ನಿ ಬೇಡವೆಂದು ನಿಯಮ ಸಡಿಲಿಸಿತು. 1904ರಲ್ಲಿ ವೇಲ್ಸಿನ ಲಾನೆಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಹುಟ್ಟಿ ನಮ್ಮ ಮಾತಿನಲ್ಲಿ ಬೆರೆತುಹೋದ ಆ ಐದನೆಯ ಚಕ್ರದ ಜಾಗಕ್ಕೆ ದೀಪ ಬರುತ್ತಿರುವಾಗ, ದೀಪ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದಿರುವುದು ಒಳಿತು. ದಾರಿಯಲ್ಲಿ ಥಟ್ಟನೆ ಗಾಳಿ ಇಳಿದರೆ ತಿಳಿಸುವುದು ಫಲಕ. ಕೈಗೇಜಿಗೆ ಅದು ಸಾಧ್ಯವಿಲ್ಲ. ಬೆಳಗಿನ ತಂಪಿನಲ್ಲಿ ಸರಿಯಾಗಿ ತುಂಬಿಸಿಕೊಳ್ಳಲು ಕೈಗೇಜೇ ಬೇಕು. ಈಗ ನಾವು ತಿಂಗಳಿಗೊಮ್ಮೆ, ಗಾಡಿ ಮೂರು ಗಂಟೆಯಾದರೂ ನಿಂತ ಮೇಲೆ ಎರಡನ್ನೂ ನೋಡಿ ಡೈರಿಯಲ್ಲಿ ಬರೆದಿಡುತ್ತೇವೆ. ಗುಮಾಸ್ತರ ಚಟವೆಂದು ಮನೆಯವರು ನಗುತ್ತಾರೆ. ನಗಲಿ. ಈ ಬೇಸಗೆಯಲ್ಲಿ ಊರಿಗೆ ಹೊರಡುವ ಬಂಧುಗಳು, ಇಂದಾಪುರದಲ್ಲಿ ಚಹಾ ಕುಡಿಯಲಿ, ಗಾಳಿ ಮಾತ್ರ ಇಳಿಸದಿರಲಿ.